ಬಾಕ್ಸಿನಲ್ಲಿ 16 ಚದರಡಿ ಇದೆಯೇ? ನೆಲಹಾಸಿನ ಅಂದಾಜಿನ ಕುರಿತು ಒಂದು ವಿಚಾರ

ಕಟ್ಟಡ ಸಾಮಗ್ರಿಗಳ ವ್ಯಾಪಾರದಲ್ಲಿ ಸಿಮೆಂಟಿನ ಬಗೆಗಾಗಲೀ ಕಬ್ಬಿಣದ ಬಗೆಗಾಗಲೀ ಪ್ರಮಾಣದ ತಕರಾರು ಅಪರೂಪ. ಸಿಮೆಂಟಿನ ಚೀಲವೆಂದರೆ 50 ಕಿಲೋ. ಕಬ್ಬಿಣಕ್ಕೆ ವೇಬ್ರಿಡ್ಜಿನ ಚೀಟಿ ಇರುತ್ತದೆ. ಗ್ರಾಹಕರು ಮತ್ತು ವ್ಯಾಪಾರಿಗಳ ನಡುವೆ ಪ್ರಮಾಣಕ್ಕಾಗಿಯೇ ಮಾತು ಬೆಳೆಯುವುದು ಟೈಲ್ಸ್ ಅಂಗಡಿಯಲ್ಲಿ, ಅದೂ ಮಾಲು ಸಾಗಿಸಿ ಎರಡು ಮೂರು ವಾರ ಕಳೆದ ಮೇಲೆ. ಒಬ್ಬ ಗ್ರಾಹಕ ಆರು ಬಾಕ್ಸ್ ಉಳಿಯಿತೆಂದು ಹಿಂದಿರುಗಿಸಲು ಬರುತ್ತಾನೆ. ಇನ್ನೊಬ್ಬ ಮೂರು ಬಾಕ್ಸ್ ಸಾಲದೆಂದು ಬರುತ್ತಾನೆ. ಮೊದಲನೆಯವನಿಗೆ ವ್ಯಾಪಾರಿಯ ಉತ್ತರ ‘ಮಾರಿದ ಮಾಲು ವಾಪಸ್ಸಿಲ್ಲ’. ಎರಡನೆಯವನಿಗೆ ‘ಆ ಬ್ಯಾಚು ಮುಗಿದಿದೆ’. ಇಬ್ಬರೂ ಮುನಿಸಿಕೊಂಡೇ ಮೆಟ್ಟಿಲಿಳಿಯುತ್ತಾರೆ.

ಈ ತಕರಾರುಗಳಲ್ಲಿ ಬಹುಪಾಲು ದುರುದ್ದೇಶದಿಂದ ಹುಟ್ಟಿದವಲ್ಲ, ಅಂದಾಜು ಮಾಡುವ ರೂಢಿಯ ದೋಷದಿಂದ ಹುಟ್ಟಿದವು ಎಂಬುದು ನನ್ನ ಅಭಿಪ್ರಾಯ. ಕೋಣೆಯ ಉದ್ದವನ್ನು ಅಗಲದಿಂದ ಗುಣಿಸಿ, ಶೇ. 10ರಷ್ಟು ‘ವೇಸ್ಟೇಜ್’ ಕೂಡಿಸಿ, ಬಂದ ಚದರಡಿಯನ್ನು 16ರಿಂದ ಭಾಗಿಸಿ ಬಾಕ್ಸುಗಳ ಸಂಖ್ಯೆ ಹೇಳುವುದು ಇಂದಿನ ಪದ್ಧತಿ. ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದ ಕೆಲಸ. ಆದರೆ ಈ ಲೆಕ್ಕದ ಮೂರು ಅಂಕಿಗಳಲ್ಲಿ ಒಂದು ನೇರವಾಗಿಯೇ ತಪ್ಪು, ಇನ್ನೊಂದು ಊಹೆ. ಸರಿಯಾಗಿರಬಹುದಾದ ಅಂಕಿ ಕೋಣೆಯ ವಿಸ್ತೀರ್ಣವೊಂದೇ, ಅದೂ ಅಳೆದವರು ಸರಿಯಾಗಿ ಅಳೆದಿದ್ದರೆ.

ತಪ್ಪಾದ ಅಂಕಿಯನ್ನು ಮೊದಲು ನೋಡೋಣ. ಮಾರುಕಟ್ಟೆಯಲ್ಲಿ ‘ಎರಡಕ್ಕೆ ಎರಡು’ ಎಂದು ಕರೆಯಲ್ಪಡುವ ವಿಟ್ರಿಫೈಡ್ ಟೈಲ್ ಎರಡು ಅಡಿಯದಲ್ಲ. ಅದರ ಅಳತೆ 600 ಮಿಲಿಮೀಟರ್. ಎರಡು ಅಡಿ ಎಂದರೆ 609.6 ಮಿಲಿಮೀಟರ್. ಹತ್ತು ಮಿಲಿಮೀಟರಿಗೂ ಕಡಿಮೆಯಾದ ಈ ಅಂತರ ಒಂದು ಬದಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಉದ್ದ ಅಗಲ ಎರಡರಲ್ಲೂ ಅದು ಇರುವುದರಿಂದ ಒಂದು ಟೈಲಿನ ವಿಸ್ತೀರ್ಣ 4 ಚದರಡಿಯ ಬದಲು 3.875 ಚದರಡಿ ಆಗುತ್ತದೆ. ನಾಲ್ಕು ಟೈಲ್‌ಗಳ ಬಾಕ್ಸಿನಲ್ಲಿರುವುದು 1.44 ಚದರ ಮೀಟರ್, ಅಂದರೆ 15.50 ಚದರಡಿ. ಬಾಕ್ಸಿನ ಮೇಲೆ ಕಾರ್ಖಾನೆಯವರು ಚದರ ಮೀಟರಿನ ಲೆಕ್ಕವನ್ನೇ ಮುದ್ರಿಸಿರುತ್ತಾರೆ. ಅದನ್ನು 16 ಮಾಡುವುದು ಅಂಗಡಿಯ ಮೇಜು.

1,200 ಚದರಡಿ ನೆಲಕ್ಕೆ 16ರ ಲೆಕ್ಕದಲ್ಲಿ 75 ಬಾಕ್ಸ್ ಸಾಕು. ನಿಜಕ್ಕೂ 75 ಬಾಕ್ಸ್ ಮುಚ್ಚುವುದು 1,162.5 ಚದರಡಿಯನ್ನು. 37.5 ಚದರಡಿ ಕಡಿಮೆ ಬೀಳುತ್ತದೆ. ಅಂದರೆ ಆರಡಿ ಉದ್ದ ಆರಡಿ ಅಗಲದ ಒಂದು ಬಚ್ಚಲುಮನೆಯಷ್ಟು ನೆಲ ಲೆಕ್ಕದಲ್ಲಿಯೇ ಮಾಯವಾಗಿದೆ. ಚದರಡಿಗೆ 50 ರೂಪಾಯಿಯ ದರವನ್ನು ಉದಾಹರಣೆಗೆ ಇಟ್ಟುಕೊಂಡರೆ, ಇಲ್ಲದ ಆ ನೆಲಕ್ಕೆ ಗ್ರಾಹಕ ತೆತ್ತದ್ದು 1,875 ರೂಪಾಯಿ. ಟೈಲ್‌ಗಳ ನಡುವೆ ಬಿಡುವ ಸಂದು ಈ ಕೊರತೆಯನ್ನು ತುಂಬುತ್ತದೆ ಎಂದು ಕೆಲವರು ವಾದಿಸುತ್ತಾರೆ. ಎರಡು ಮಿಲಿಮೀಟರ್ ಸಂದು ಬಿಟ್ಟರೆ ಬಾಕ್ಸು 15.60 ಚದರಡಿಗೆ ಏರುತ್ತದೆ, ಅಷ್ಟೆ. ನಿಜವಾಗಿ 16 ಆಗಬೇಕಾದರೆ ಸುಮಾರು ಒಂದು ಸೆಂಟಿಮೀಟರ್ ಅಗಲದ ಸಂದು ಬೇಕು. ಅಂತಹ ನೆಲವನ್ನು ಯಾವ ಗೃಹಿಣಿಯೂ ಒಪ್ಪಲಾರಳು.

ಈ 16ರ ಲೆಕ್ಕದಿಂದ ಗ್ರಾಹಕನಿಗೆ ಮಾತ್ರ ನಷ್ಟವೆಂದು ತಿಳಿದಿರುವ ಸದಸ್ಯ ಮಿತ್ರರು ತಮ್ಮ ದಾಸ್ತಾನು ಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು. ಕಾರ್ಖಾನೆಯ ಇನ್‌ವಾಯ್ಸ್ ಬಾಕ್ಸಿನಲ್ಲಿಯೋ ಚದರ ಮೀಟರಿನಲ್ಲಿಯೋ ಬರುತ್ತದೆ. ಸಾವಿರ ಬಾಕ್ಸ್ ಖರೀದಿಸಿದರೆ 1,440 ಚದರ ಮೀಟರ್, ಅಂದರೆ 15,500 ಚದರಡಿ. ಅದೇ ಸಾವಿರ ಬಾಕ್ಸನ್ನು ಹದಿನಾರರಂತೆ ಬಿಲ್ಲು ಮಾಡಿದರೆ ಮಾರಾಟ 16,000 ಚದರಡಿ. ಖರೀದಿಸದ 500 ಚದರಡಿ ಮಾರಾಟವಾಗಿದೆ! ಲೆಕ್ಕಪರಿಶೋಧಕರು ಕೇಳಿದಾಗ ‘ಅದು ರೂಢಿ ಸರ್’ ಎಂದು ನಕ್ಕು ಬಿಡಬಹುದು. ಆದರೆ ತೆರಿಗೆ ಅಧಿಕಾರಿಯ ಕಣ್ಣಿಗೆ ಖರೀದಿಗಿಂತ ಹೆಚ್ಚಿನ ಮಾರಾಟಕ್ಕೆ ಒಂದೇ ಅರ್ಥ, ಲೆಕ್ಕಕ್ಕೆ ಸೇರದ ಖರೀದಿ. ಜಿ.ಎಸ್.ಟಿ. ವಿವರಪಟ್ಟಿಯಲ್ಲಿ ಬಾಕ್ಸ್, ಚದರ ಮೀಟರ್, ಚದರಡಿ ಮೂರಕ್ಕೂ ಪ್ರತ್ಯೇಕ ಸಂಕೇತಗಳಿವೆ. ಖರೀದಿ ಒಂದರಲ್ಲಿ, ಮಾರಾಟ ಇನ್ನೊಂದರಲ್ಲಿ ತೋರಿಸಿ, ಎರಡರ ನಡುವಣ ಪರಿವರ್ತನೆಯೇ ತಪ್ಪಾಗಿದ್ದರೆ ವಿವರಣೆ ಕೊಡುವ ಭಾರ ವ್ಯಾಪಾರಿಯ ಮೇಲೆಯೇ ಬೀಳುತ್ತದೆ. ಬ್ಯಾಂಕಿಗೆ ತಿಂಗಳು ತಿಂಗಳು ಕೊಡುವ ದಾಸ್ತಾನು ಪಟ್ಟಿಯಲ್ಲಿಯೂ ಇದೇ ತೊಡಕು.

ಕಾನೂನಿನ ಸ್ಥಿತಿಯೂ ಸ್ಪಷ್ಟವಾಗಿದೆ. ದೇಶದಲ್ಲಿ ಮೆಟ್ರಿಕ್ ಅಳತೆಗೆ ಶಾಸನದ ಬಲ ಬಂದದ್ದು 1956ರಲ್ಲಿ. ಈಗ ಜಾರಿಯಲ್ಲಿರುವ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ 11ನೇ ಪ್ರಕರಣವು ಪ್ರಮಾಣಿತ ಮಾನವಲ್ಲದೆ ಬೇರೆ ಮಾನದಲ್ಲಿ ದರ ಹೇಳುವುದನ್ನೇ ನಿಷೇಧಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಸರಕಿನ ಪ್ರಮಾಣದ ಬಗ್ಗೆ ತಪ್ಪು ಮಾಹಿತಿ ನೀಡುವುದು ಅನುಚಿತ ವ್ಯಾಪಾರ ಪದ್ಧತಿಯ ವ್ಯಾಖ್ಯೆಯೊಳಗೆ ಬರುತ್ತದೆ. ನಮ್ಮ ಜನ ಮನೆಯನ್ನು ಇಂದಿಗೂ ‘ಹತ್ತು ಚದರ’, ‘ಹನ್ನೆರಡು ಚದರ’ ಎಂದೇ ಅಳೆಯುತ್ತಾರೆ. ಅವರ ಬಾಯಿಂದ ಅಡಿಯನ್ನು ಕಿತ್ತುಹಾಕುವುದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಬಿಲ್ಲಿನಲ್ಲಿ ಬಾಕ್ಸಿನ ಸಂಖ್ಯೆ, ಟೈಲ್‌ಗಳ ಸಂಖ್ಯೆ, ಚದರ ಮೀಟರ್ ನಮೂದಾಗಿ, ಪಕ್ಕದಲ್ಲಿ ತಿಳಿವಳಿಕೆಗಾಗಿ 15.50 ಚದರಡಿ ಎಂದಿದ್ದರೆ ಸಾಕು. ದರ ಎಂಟು ನೂರು ರೂಪಾಯಿ ಬಾಕ್ಸಿಗೆ ಎಂದು ನೇರವಾಗಿ ಹೇಳಿದರೆ ವ್ಯಾಪಾರಿಗೆ ಒಂದು ಪೈಸೆಯೂ ನಷ್ಟವಿಲ್ಲ.

ಇನ್ನು ಊಹೆಯ ಅಂಕಿ, ಅಂದರೆ ಶೇಕಡಾ ಹತ್ತು. ಇದರ ಮೂಲ ಯಾವುದೆಂದು ಕೇಳಿದರೆ ಅಂಗಡಿಯವರು ಮೇಸ್ತ್ರಿಯತ್ತ ಕೈ ತೋರುತ್ತಾರೆ, ಮೇಸ್ತ್ರಿ ಅಂಗಡಿಯತ್ತ. ಕೆಂಪು ಕಾವಿಯ ನೆಲವನ್ನೋ ಸಿಮೆಂಟಿನ ನೆಲವನ್ನೋ ಹಾಕುತ್ತಿದ್ದ ಕಾಲದಲ್ಲಿ ಸಾಮಗ್ರಿ ಕಡಿಮೆಯಾದರೆ ಇನ್ನೊಂದು ಚೀಲ ತರಿಸಿ ಕಲಸಿದರೆ ಮುಗಿಯುತ್ತಿತ್ತು. ಶಹಾಬಾದ್ ಕಲ್ಲಿನ ನೆಲದಲ್ಲಿ ಕಲ್ಲನ್ನು ಸ್ಥಳದಲ್ಲಿಯೇ ಕಡಿದು ಕೂರಿಸುತ್ತಿದ್ದರು. ಒಂದರ ಚೂರು ಇನ್ನೊಂದು ಮೂಲೆಗೆ ಒದಗುತ್ತಿತ್ತು. ನಿಗದಿತ ಅಳತೆಯ, ಹೊಳಪುಳ್ಳ, ವಿನ್ಯಾಸದ ದಿಕ್ಕುಳ್ಳ ಟೈಲಿಗೆ ಆ ಸ್ವಾತಂತ್ರ್ಯವಿಲ್ಲ. ಇಲ್ಲಿ ಎಷ್ಟು ವ್ಯರ್ಥವಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಕೋಣೆಯ ಅಳತೆಗೂ ಟೈಲಿನ ಅಳತೆಗೂ ಇರುವ ಸಂಬಂಧ ಮತ್ತು ಮೊದಲ ಟೈಲನ್ನು ಎಲ್ಲಿ ಇಡುತ್ತಾರೆ ಎಂಬ ನಿರ್ಧಾರ.

ಇದನ್ನು ಒಂದು ಸಾಮಾನ್ಯ ಮಲಗುವ ಕೋಣೆಯ ಲೆಕ್ಕದಿಂದ ವಿವರಿಸುತ್ತೇನೆ. ಓದುಗರು ಸ್ವಲ್ಪ ಸಹನೆಯಿಂದ ಅನುಸರಿಸಬೇಕೆಂದು ವಿನಂತಿ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಟೈಲ್ 600 ಮಿಲಿಮೀಟರಿನದು, ಸಂದು 2 ಮಿಲಿಮೀಟರ್. ಗೋಡೆಯ ಬುಡಕ್ಕೆ ನಾಲ್ಕಂಗುಲ, ಅಂದರೆ ಸುಮಾರು 100 ಮಿಲಿಮೀಟರ್ ಎತ್ತರದ ಸ್ಕರ್ಟಿಂಗ್. ಮೂರಡಿಯ ಒಂದು ಬಾಗಿಲು ಬಿಟ್ಟರೆ ಸ್ಕರ್ಟಿಂಗಿನ ಉದ್ದ 41 ಅಡಿ. ಅದಕ್ಕೆ ಟೈಲಿನಿಂದ ಕತ್ತರಿಸಿದ 21 ಪಟ್ಟಿಗಳು ಬೇಕು.

ಟೈಲ್ ನಿಜವಾಗಿಯೂ ಎರಡಡಿ ಇದ್ದಿದ್ದರೆ ಆರು ಸಾಲು, ಸಾಲಿಗೆ ಐದು, ಒಟ್ಟು 30 ಟೈಲ್‌ಗಳಲ್ಲಿ ಕೋಣೆ ಮುಗಿಯುತ್ತಿತ್ತು. ಆದರೆ 600 ಮಿಲಿಮೀಟರ್ ಆದುದರಿಂದ ಮೂಲೆಯಿಂದ ಆರಂಭಿಸಿ ಹಾಸಿದರೆ ಉದ್ದದ ಕೊನೆಯಲ್ಲಿ ಸುಮಾರು 45 ಮಿಲಿಮೀಟರ್, ಅಗಲದ ಕೊನೆಯಲ್ಲಿ ಸುಮಾರು 38 ಮಿಲಿಮೀಟರ್ ಉಳಿಯುತ್ತದೆ. ಎರಡು ಬೆರಳಗಲದ ಪಟ್ಟಿ! ಈ ಪಟ್ಟಿಗಳನ್ನು ಕತ್ತರಿಸಲು ಒಂದು ಟೈಲ್ ಸಾಕೆಂದು ಗಣಿತ ಹೇಳಿದರೂ ಇಷ್ಟು ಸಣ್ಣ ಪಟ್ಟಿ ಕತ್ತರಿಸುವಾಗ ಮುರಿಯುವುದರಿಂದ ಎರಡು ಹಿಡಿಯಬೇಕು. ಸ್ಕರ್ಟಿಂಗಿಗೆ ಟೈಲಿಗೆ ಐದು ಪಟ್ಟಿಯಂತೆ 5 ಟೈಲ್. ಒಟ್ಟು 37, ಅಂದರೆ 10 ಬಾಕ್ಸ್.

ನುರಿತ ಮೇಸ್ತ್ರಿಯೊಬ್ಬ ಇದನ್ನು ನೋಡಿ ಬೇರೆ ದಾರಿ ಹಿಡಿಯಬಹುದು. ಹಳೆಯ ಕ್ರಮದಂತೆ ಸ್ಕರ್ಟಿಂಗನ್ನು ಗಾರೆಯ ಮೇಲೆ ಕೂರಿಸಿದರೆ ಅದು ಗೋಡೆಯಿಂದ 20ರಿಂದ 25 ಮಿಲಿಮೀಟರ್ ಮುಂದೆ ಬರುತ್ತದೆ. ಉಳಿದ ಜಾಗವನ್ನು ಎರಡೂ ಬದಿಗೆ ಹಂಚಿ, 30 ಟೈಲ್‌ಗಳನ್ನು ನಡುವೆ ಇಟ್ಟು, ಸುತ್ತಲಿನ ಸಂದನ್ನು ಗಾರೆಯಿಂದ ತುಂಬಿ ಸ್ಕರ್ಟಿಂಗಿನ ಅಡಿಯಲ್ಲಿ ಮುಚ್ಚಿಬಿಡುತ್ತಾನೆ. ಆಗ ಬೇಕಾದದ್ದು 35 ಟೈಲ್, 9 ಬಾಕ್ಸ್. ಸ್ಕರ್ಟಿಂಗನ್ನು ಅಂಟಿನಿಂದ ನೇರವಾಗಿ ಗೋಡೆಗೆ ಹಚ್ಚುವ ಈಗಿನ ಕ್ರಮದಲ್ಲಿ ಅದು ತೆಳುವಾಗಿರುವುದರಿಂದ ಈ ಉಪಾಯ ನಡೆಯುವುದಿಲ್ಲ.

ಮೂರನೆಯ ಕ್ರಮ ವಾಸ್ತುಶಿಲ್ಪಿಗಳು ಇಷ್ಟಪಡುವಂಥದು. ಕೋಣೆಯ ನಡುವಿನಿಂದ ಹಾಸಿ, ನಾಲ್ಕೂ ಬದಿಗೆ ಸಮನಾದ ತುಂಡುಗಳು ಬರುವಂತೆ ಮಾಡುವುದು. ಉದ್ದಕ್ಕೆ ಐದು ಇಡೀ ಟೈಲ್, ಎರಡು ಕೊನೆಗಳಲ್ಲಿ 323 ಮಿಲಿಮೀಟರಿನ ತುಂಡು. ಅಗಲಕ್ಕೆ ನಾಲ್ಕು ಇಡೀ ಟೈಲ್, ಕೊನೆಗಳಲ್ಲಿ 319ರ ತುಂಡು. ತುಂಡು ಅರ್ಧ ಟೈಲಿಗಿಂತ ದೊಡ್ಡದಾದ್ದರಿಂದ ಒಂದು ಟೈಲಿನಿಂದ ಎರಡು ತುಂಡು ಬರುವುದಿಲ್ಲ. ಹೀಗಾಗಿ ಏಳು ಆರಲಿ 42 ಟೈಲ್ ಬೇಕೇಬೇಕು. ಕೋಣೆಯ ನಿವ್ವಳ ವಿಸ್ತೀರ್ಣಕ್ಕೆ 31 ಟೈಲ್ ಸಾಕಾಗಿರುವಾಗ 42! ಶೇಕಡಾ ಹತ್ತಲ್ಲ, ಮೂವತ್ತೈದು ಹೆಚ್ಚು. ಆದರೆ ಲೆಕ್ಕಿಗನ ದೃಷ್ಟಿಯಿಂದ ಇಲ್ಲೊಂದು ಸ್ವಾರಸ್ಯವಿದೆ. ಬದಿಯ ಹದಿನೆಂಟು ಟೈಲ್‌ಗಳನ್ನು ಕತ್ತರಿಸಿದಾಗ ಉಳಿಯುವ ತುಂಡು ಒಂದೊಂದೂ ಸುಮಾರು 275 ಮಿಲಿಮೀಟರ್ ಅಗಲವಿರುತ್ತದೆ. ಅದರಿಂದ ಎರಡೆರಡು ಸ್ಕರ್ಟಿಂಗ್ ಪಟ್ಟಿಗಳು, ಒಟ್ಟು 36 ಪಟ್ಟಿಗಳು ದೊರೆಯುತ್ತವೆ. ಬೇಕಾದದ್ದು 21 ಮಾತ್ರ. ಕಾರ್ಖಾನೆಯ ವೆಚ್ಚ ಲೆಕ್ಕದಲ್ಲಿ ಉಪೋತ್ಪನ್ನ ಎನ್ನುತ್ತೇವಲ್ಲ, ಹಾಗೆ ಸ್ಕರ್ಟಿಂಗ್ ಇಲ್ಲಿ ಬಿಟ್ಟಿಯಾಗಿ ಬರುತ್ತದೆ. ಆದ್ದರಿಂದ ಸ್ಕರ್ಟಿಂಗೂ ಸೇರಿ 42 ಟೈಲ್, 11 ಬಾಕ್ಸಿನಲ್ಲಿ ಕೋಣೆ ಮುಗಿಯುತ್ತದೆ. ಕಣ್ಣಿಗೆ ಒಪ್ಪುವ ಜೋಡಣೆಗೆ ಕೊಟ್ಟ ಬೆಲೆ ಮೂಲೆಯಿಂದ ಹಾಸುವುದಕ್ಕಿಂತ ಒಂದೇ ಬಾಕ್ಸ್ ಹೆಚ್ಚು. ಆದರೆ ಸ್ಕರ್ಟಿಂಗಿಗೆಂದು ಪ್ರತ್ಯೇಕವಾಗಿ ಇನ್ನೊಂದೆರಡು ಬಾಕ್ಸ್ ಬರೆದುಕೊಟ್ಟರೆ ಅವು ಪೂರ್ತಿಯಾಗಿ ಉಳಿಯುತ್ತವೆ.

ಕೋಣೆ ಅದೇ, ಟೈಲ್ ಅದೇ. ಉತ್ತರ ಒಂಬತ್ತು, ಹತ್ತು, ಹನ್ನೊಂದು. ಶೇಕಡಾ ಹತ್ತರ ಸೂತ್ರ ಸ್ಕರ್ಟಿಂಗನ್ನೂ ಸೇರಿಸಿ ಹೇಳುವುದು ಹತ್ತು ಬಾಕ್ಸ್. ಮೂರರಲ್ಲಿ ಒಂದು ಸಂದರ್ಭಕ್ಕೆ ಅದು ಹೊಂದುತ್ತದೆ, ಒಂದಕ್ಕೆ ಹೆಚ್ಚಾಗುತ್ತದೆ, ಒಂದಕ್ಕೆ ಸಾಲದು. ಒಡೆಯುವ ಟೈಲ್‌ಗಳನ್ನು ಇಲ್ಲಿ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಐದಾರು ಕೋಣೆಗಳಿರುವ ಮನೆಯಲ್ಲಿ ಒಂದರ ತುಂಡು ಇನ್ನೊಂದಕ್ಕೆ ಒದಗಿ ಲೆಕ್ಕ ಸ್ವಲ್ಪ ಸಮತೋಲಕ್ಕೆ ಬರುವುದು ನಿಜ. ಆದರೆ 800ಕ್ಕೆ 1,600 ಮಿಲಿಮೀಟರಿನ ದೊಡ್ಡ ಟೈಲ್‌ಗಳು ಬಂದಿರುವ ಈ ದಿನಗಳಲ್ಲಿ ಒಂದೊಂದು ತಪ್ಪು ತುಂಡಿನ ಬೆಲೆ ಎಷ್ಟೋ ಪಟ್ಟು ಏರಿದೆ. ಕರ್ಣರೇಖೆಯಂತೆ ಓರೆಯಾಗಿ ಹಾಸುವವರ ಮಾತು ಬೇರೆಯೇ. ಅಲ್ಲಿ ಶೇಕಡಾ 15 ಹಿಡಿಯುವುದು ಸಾಮಾನ್ಯ.

ಗ್ರಾನೈಟಿನಲ್ಲಿಯೂ ಇದೇ ತತ್ತ್ವ. ಇದೇ ಕೋಣೆಗೆ ಮೂರಡಿ ಅಗಲ, ಒಂಬತ್ತೂವರೆ ಅಡಿ ಉದ್ದದ ಸ್ಲ್ಯಾಬುಗಳನ್ನು ಆರಿಸಿದರೆ ನಾಲ್ಕು ಹಾಸಿದ ಮೇಲೆಯೂ ಒಂದು ಕಡೆ ಅರ್ಧ ಅಡಿ ಉಳಿಯುತ್ತದೆ. ಆರು ಚದರಡಿಯ ಆ ಪಟ್ಟಿಗಾಗಿ ಐದನೆಯ ಸ್ಲ್ಯಾಬು, ಒಟ್ಟು 142.5 ಚದರಡಿ ಕೊಳ್ಳಬೇಕು. ಹತ್ತೂವರೆ ಅಡಿಯ ಸ್ಲ್ಯಾಬುಗಳಾದರೆ ನಾಲ್ಕೇ ಸಾಕು, 126 ಚದರಡಿ. ಸ್ಕರ್ಟಿಂಗ್ ಲೆಕ್ಕ ಸೇರಿದಾಗ ಅಂತರ ಕಡಿಮೆಯಾಗುತ್ತದೆ, ಆದರೂ ಅಳಿಸಿಹೋಗುವುದಿಲ್ಲ. ಜೊತೆಗೆ ನೆಲದ ನಡುವೆ ಜೋಡಣೆಯ ಗೆರೆಯೂ ತಪ್ಪುತ್ತದೆ. ಇಳಕಲ್ಲಿನ ಕೆಂಪು ಕಲ್ಲಾಗಲಿ ಬೇರೆ ಯಾವುದೇ ಆಗಲಿ, ಸ್ಲ್ಯಾಬು ಆರಿಸಲು ಹೋಗುವವರು ಬಣ್ಣ ನೋಡುವ ಮೊದಲು ಟೇಪು ಹಿಡಿಯುವುದು ಲೇಸು.

ಹಾಗಾದರೆ ಎಲ್ಲರೂ ಎರಡು ಬಾಕ್ಸ್ ಹೆಚ್ಚಿಗೆ ತೆಗೆದುಕೊಂಡುಬಿಟ್ಟರೆ ಆಗದೇ ಎಂದು ಕೇಳಬಹುದು. ಒಬ್ಬ ಗ್ರಾಹಕನ ಮಟ್ಟಿಗೆ ಅದು ಅವಿವೇಕವೇನೂ ಅಲ್ಲ. ಹೆಚ್ಚಾದ ಒಂದು ಬಾಕ್ಸಿನ ನಷ್ಟ ಎಂಟು ನೂರು ರೂಪಾಯಿ ಮತ್ತು ತೆರಿಗೆ. ಕಡಿಮೆಯಾದ ಒಂದು ಬಾಕ್ಸಿನ ನಷ್ಟ ಎಂದರೆ ಗೂಡ್ಸ್ ಆಟೊ ಬಾಡಿಗೆ, ಹಮಾಲಿ, ಮೇಸ್ತ್ರಿ ಮತ್ತು ಇಬ್ಬರು ಆಳುಗಳ ಖಾಲಿ ದಿನದ ಕೂಲಿ. ಇವೆಲ್ಲಕ್ಕಿಂತ ಮಿಗಿಲಾದದ್ದು ಶೇಡಿನ ಪ್ರಶ್ನೆ. ಒಂದೇ ಕಂಪನಿಯ ಒಂದೇ ವಿನ್ಯಾಸವಾದರೂ ಬ್ಯಾಚಿನಿಂದ ಬ್ಯಾಚಿಗೆ ಬಣ್ಣದ ಛಾಯೆ ಬದಲಾಗುತ್ತದೆ. ಮೋರ್ಬಿಯಿಂದ ಬರುವ ಮುಂದಿನ ಲಾರಿಯಲ್ಲಿ ಅದೇ ಬ್ಯಾಚು ಸಿಗುವ ಭರವಸೆಯನ್ನು ಯಾವ ವಿತರಕನೂ ಕೊಡಲಾರ. ಹಜಾರದ ನಡುವೆ ನಾಲ್ಕು ಟೈಲ್ ಬೇರೆ ಬಣ್ಣದವಾದರೆ ಮನೆಯೊಡೆಯ ಅದನ್ನು ಇಪ್ಪತ್ತು ವರ್ಷ ನೋಡುತ್ತಾನೆ. ಹೀಗಾಗಿ ಕೊರತೆಗಿಂತ ಹೆಚ್ಚುವರಿಯೇ ಅಗ್ಗ ಎಂಬುದನ್ನು ನಾನು ಒಪ್ಪುತ್ತೇನೆ. ಮುಂದೆ ನಲ್ಲಿಯ ಪೈಪು ಒಡೆದಾಗಲೋ ಭಾರವಾದ ಪಾತ್ರೆ ಬಿದ್ದಾಗಲೋ ಬದಲಾಯಿಸಲು ಒಂದು ಬಾಕ್ಸನ್ನು ಅಟ್ಟದ ಮೇಲೆ ಇಡುವುದನ್ನು ವ್ಯರ್ಥವೆನ್ನಲಾಗದು. ಯಂತ್ರಕ್ಕೆ ಬಿಡಿಭಾಗ ಇಟ್ಟುಕೊಂಡಂತೆ ಅದು. ಆದರೆ ಅದನ್ನು ‘ಮೀಸಲು’ ಎಂದು ಹೆಸರಿಟ್ಟು, ಎಷ್ಟೆಂದು ನಿಶ್ಚಯಿಸಿ ಕೊಳ್ಳಬೇಕು. ವೇಸ್ಟೇಜ್ ಎಂಬ ಒಂದೇ ಚೀಲದೊಳಗೆ ಕತ್ತರಿಸಿದ್ದು, ಒಡೆದದ್ದು, ಮೀಸಲು, ಹೆದರಿಕೆ ಎಲ್ಲವನ್ನೂ ತುಂಬಬಾರದು.

ಹೆದರಿಕೆ ಎಂದೆ. ಯಾರ ಹೆದರಿಕೆ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಸಾಮಗ್ರಿ ಮನೆಯೊಡೆಯನದು, ಕೂಲಿ ಮಾತ್ರ ಗುತ್ತಿಗೆ. ಟೈಲ್ ಕಡಿಮೆಯಾದರೆ ಬೈಗುಳ ಮೇಸ್ತ್ರಿಗೆ. ಉಳಿದರೆ ಹಣ ಹೋದದ್ದು ಮನೆಯೊಡೆಯನದು. ಇಂತಹ ವ್ಯವಸ್ಥೆಯಲ್ಲಿ ಯಾವ ಮೇಸ್ತ್ರಿಯಾದರೂ ಹೆಚ್ಚಿಗೆ ಹೇಳುತ್ತಾನೆಯೇ ಹೊರತು ಕಡಿಮೆ ಹೇಳುವುದಿಲ್ಲ. ಅವನನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಬಾಕ್ಸಿಗೆ ಇಷ್ಟೆಂದು ಮೇಸ್ತ್ರಿಗೆ ಕಮಿಷನ್ ಕೊಡುವ ಅಂಗಡಿಗಳೂ ಅಲ್ಲಲ್ಲಿ ಇವೆ. ಅಲ್ಲಿಯಂತೂ ಅಂದಾಜಿಗೆ ಅರ್ಥವೇ ಉಳಿಯುವುದಿಲ್ಲ. ಸರ್ಕಾರಿ ಕಾಮಗಾರಿಗಳಲ್ಲಿ ಈ ತೊಡಕು ಕಡಿಮೆ. ನೆಲಹಾಸಿನ ಅಳತೆಗೆಂದೇ ಐ.ಎಸ್. 1200ರ 11ನೇ ಭಾಗವಿದೆ. ಸಾಮಗ್ರಿ ಸಹಿತ ಗುತ್ತಿಗೆಯಲ್ಲಿ ಹಣ ಸಿಗುವುದು ಹಾಸಿದ ನೆಲಕ್ಕೆ, ತಂದಿಳಿಸಿದ ಬಾಕ್ಸಿಗಲ್ಲ. ವ್ಯರ್ಥದ ಹೊರೆ ಹೊತ್ತವನೇ ಕತ್ತರಿಸುವವನೂ ಆದಾಗ ತುಂಡುಗಳು ತಾವಾಗಿಯೇ ಉಪಯೋಗಕ್ಕೆ ಬರುತ್ತವೆ.

ಖಾಸಗಿ ಮನೆಗಳಲ್ಲಿ ಇದು ಸಾಧ್ಯವಾಗದಿರುವಾಗ ಅಂದಾಜಿನ ಹೊಣೆಯನ್ನು ವ್ಯಾಪಾರಿಯೇ ವಹಿಸಿಕೊಳ್ಳಬೇಕೆಂಬುದು ನನ್ನ ಸಲಹೆ. ಟೈಲಿನ ನಿಖರ ಅಳತೆ, ಬಾಕ್ಸಿನ ಪ್ರಮಾಣ, ಬ್ಯಾಚಿನ ದಾಸ್ತಾನು ಈ ಮೂರೂ ತಿಳಿದಿರುವುದು ಅವನೊಬ್ಬನಿಗೇ. ಕೊಟೇಶನ್ ಜೊತೆಗೆ ಒಂದು ಅಂದಾಜು ಹಾಳೆ ಕೊಡಲಿ. ಗಿಲಾವು ಮುಗಿದ ಮೇಲೆ ಸ್ಥಳದಲ್ಲಿ ಅಳೆದ ಉದ್ದಗಲ ಅದರಲ್ಲಿರಲಿ. ನಕ್ಷೆಯ ಅಳತೆಯನ್ನು ನಂಬುವಂತಿಲ್ಲ, ಎರಡೂ ಬದಿಯ ಗಿಲಾವಿಗೆ ಕೋಣೆ ಸುಮಾರು ಒಂದಂಗುಲ ಕಿರಿದಾಗಿರುತ್ತದೆ. ಗೋಡೆಗಳು ಸಮಾನಾಂತರವಾಗಿರುವುದು ಅಪರೂಪವಾದ್ದರಿಂದ ಒಂದೊಂದು ಬದಿಯನ್ನೂ ಮೂರು ಕಡೆ ಅಳೆದು ದೊಡ್ಡದನ್ನು ಬರೆದುಕೊಳ್ಳಬೇಕು. ಗೋಡೆ ಕಪಾಟಿನ ಒಳಗೂ ಅಡುಗೆ ಕಟ್ಟೆಯ ಕೆಳಗೂ ಟೈಲ್ ಹಾಸಬೇಕೇ ಎಂಬುದನ್ನು ಆಗಲೇ ಕೇಳಿಕೊಳ್ಳಬೇಕು. ಬಳಿಕ ಮೊದಲ ಟೈಲ್ ಎಲ್ಲಿಂದ ಎಂಬುದನ್ನು ಮೇಸ್ತ್ರಿಯೊಡನೆ ನಿಶ್ಚಯಿಸಿ, ಇಡೀ ಟೈಲ್ ಎಷ್ಟು, ಕತ್ತರಿಸಬೇಕಾದವು ಎಷ್ಟು, ಸ್ಕರ್ಟಿಂಗ್ ಯಾವುದರಿಂದ, ಒಡೆಯುವಿಕೆಗೆ ಎಷ್ಟು, ಮೀಸಲು ಎಷ್ಟು ಎಂದು ಟೈಲ್‌ಗಳ ಸಂಖ್ಯೆಯಲ್ಲಿ ಬರೆಯಬೇಕು. ಬಾಕ್ಸಿನ ಸಂಖ್ಯೆ ಕೊನೆಯ ಸಾಲು. ಮೇಸ್ತ್ರಿಯ ಸಹಿಯೂ ಇದ್ದರೆ ಮುಂದಿನ ಮಾತಿಗೆ ಆಸ್ಪದವಿರುವುದಿಲ್ಲ.

ಅದೇ ಹಾಳೆಯ ಅಡಿಯಲ್ಲಿ ವಾಪಸಾತಿಯ ಷರತ್ತು ಇರಬೇಕು. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹೇಳದಿದ್ದರೆ 30 ದಿನಗಳೊಳಗೆ ವಾಪಸು ಪಡೆಯಲು ನಿರಾಕರಿಸುವುದು ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನುಚಿತ. ದೋಷವಿಲ್ಲದ, ಕೇವಲ ಉಳಿದ ಮಾಲಿಗೆ ಅಂತಹ ನಿಯಮವಿಲ್ಲ. ಗ್ರಾಹಕರು ಎರಡನ್ನೂ ಒಂದೇ ಎಂದು ತಿಳಿದು ವಾದಿಸುತ್ತಾರೆ, ವ್ಯಾಪಾರಿಗಳು ಎರಡಕ್ಕೂ ಒಂದೇ ಉತ್ತರ ಕೊಡುತ್ತಾರೆ. ಸೀಲು ಒಡೆಯದ, ಅದೇ ಬ್ಯಾಚಿನ ಬಾಕ್ಸುಗಳನ್ನು ಇಷ್ಟು ದಿನಗಳೊಳಗೆ ಗ್ರಾಹಕನ ಖರ್ಚಿನಲ್ಲಿ ತಂದುಕೊಟ್ಟರೆ, ನಿರ್ವಹಣೆಗೆ ಇಷ್ಟು ಕಳೆದು ವಾಪಸು ಪಡೆಯಲಾಗುವುದು ಎಂದು ಮೊದಲೇ ಬರೆದಿದ್ದರೆ ಉಭಯತರಿಗೂ ಕ್ಷೇಮ. ಒಡೆದ ಬಾಕ್ಸನ್ನು ತೆಗೆದುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಬಿಡಿ ಟೈಲ್‌ಗಳು, ಬೇರೆ ಬೇರೆ ಬ್ಯಾಚಿನ ಎರಡು ಮೂರು ಬಾಕ್ಸುಗಳು ಗೋದಾಮಿನ ಮೂಲೆ ಸೇರಿದರೆ ವರ್ಷಾಂತ್ಯದಲ್ಲಿ ಅವುಗಳಿಗೆ ಖರೀದಿ ಬೆಲೆ ಹಾಕುವಂತಿಲ್ಲ. ಲೆಕ್ಕಪತ್ರ ಮಾನಕ 2ರ ಪ್ರಕಾರ ಖರೀದಿ ವೆಚ್ಚ, ಮಾರಿದರೆ ಬರಬಹುದಾದ ನಿವ್ವಳ ಬೆಲೆ ಇವೆರಡರಲ್ಲಿ ಕಡಿಮೆಯಾದದ್ದನ್ನೇ ತೋರಿಸಬೇಕು. ಪೂರ್ತಿ ತೆಗೆದುಹಾಕಿದರೆ ಜಿ.ಎಸ್.ಟಿ. ಕಾಯಿದೆಯ 17(5) ಪ್ರಕರಣದಂತೆ ಅವುಗಳ ಮೇಲೆ ಪಡೆದ ಹುಟ್ಟುವಳಿ ತೆರಿಗೆಯನ್ನೂ ಹಿಂದಿರುಗಿಸಬೇಕಾಗುತ್ತದೆ.

ವಾಪಸು ಬಂದ ಬಾಕ್ಸಿಗೆ ಕ್ರೆಡಿಟ್ ನೋಟ್ ಬರೆಯದೆ ಕೈಯಲ್ಲಿ ನಗದು ಕೊಟ್ಟು ಕಳಿಸುವ ಅಭ್ಯಾಸವನ್ನು ಬಿಡಬೇಕು. ಸೆರಾಮಿಕ್ ಟೈಲ್ಸ್ ಮೇಲಿನ ತೆರಿಗೆ 2017ರ ಜುಲೈಯಲ್ಲಿ ಶೇ. 28 ಇದ್ದದ್ದು ಅದೇ ವರ್ಷದ ನವೆಂಬರಿನಲ್ಲಿ ಶೇ. 18ಕ್ಕೆ ಇಳಿಯಿತು. ಎಂಟು ನೂರರ ಮೂರು ಬಾಕ್ಸು ವಾಪಸು ಬಂದರೆ 2,400 ರೂಪಾಯಿಯ ಮೇಲೆ 432 ರೂಪಾಯಿ ತೆರಿಗೆ. 34ನೇ ಪ್ರಕರಣದಂತೆ ಕ್ರೆಡಿಟ್ ನೋಟ್ ನೀಡಿ ವಿವರಪಟ್ಟಿಯಲ್ಲಿ ತೋರಿಸಿದರೆ ಆ ತೆರಿಗೆ ವ್ಯಾಪಾರಿಯ ಹೊಣೆಯಿಂದ ಇಳಿಯುತ್ತದೆ. ಬರೆಯದಿದ್ದರೆ ಅದನ್ನು ಅವನೇ ಕೈಯಿಂದ ತೆತ್ತಂತೆ, ಇಲ್ಲವೇ ಗ್ರಾಹಕನಿಗೆ ಕೊಡದೆ ಉಳಿಸಿಕೊಂಡಂತೆ, ಎರಡೂ ಸರಿಯಲ್ಲ. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸಿದ ದಿನ, ಯಾವುದು ಮೊದಲೋ ಅದರೊಳಗೆ ಇದನ್ನು ಮುಗಿಸಬೇಕು.

ತಮ್ಮದೇ ಮಳಿಗೆ ಅಥವಾ ಕಚೇರಿಯ ನೆಲವನ್ನು ಹೊಸದಾಗಿ ಹಾಸಿಸುವ ಸದಸ್ಯರಿಗೂ ಒಂದು ಮಾತು. ಆ ವೆಚ್ಚವನ್ನು ಆಸ್ತಿಯಾಗಿ ಲೆಕ್ಕಕ್ಕೆ ಏರಿಸಿದರೆ ಟೈಲ್ಸ್ ಮೇಲೆ ತೆತ್ತ ಜಿ.ಎಸ್.ಟಿ. ಮರಳಿ ದೊರೆಯುವುದಿಲ್ಲ, ನವೀಕರಣವೂ ನಿರ್ಮಾಣವೆಂದೇ ಪರಿಗಣಿತ. ಆದ್ದರಿಂದ ಹೆಚ್ಚಾಗಿ ಕೊಂಡ ಬಾಕ್ಸಿನ ಬೆಲೆ ಅವರಿಗೆ ತೆರಿಗೆಯೂ ಸೇರಿಯೇ ಕೈಬಿಟ್ಟು ಹೋಗುತ್ತದೆ.

ಇಂತಹ ಅಂದಾಜು ಹಾಳೆಯ ಒಂದು ಮಾದರಿಯನ್ನು ನಮ್ಮ ಸಂಸ್ಥೆಯ ಕಟ್ಟಡ ಸಾಮಗ್ರಿ ವ್ಯಾಪಾರಿಗಳೇ ಕುಳಿತು ಸಿದ್ಧಪಡಿಸಿ, ಕನ್ನಡದಲ್ಲಿ ಮುದ್ರಿಸಿ ಸದಸ್ಯರಿಗೆ ಹಂಚಬಹುದು. ವಾಪಸಾತಿಗೆ ಎಷ್ಟು ದಿನ, ನಿರ್ವಹಣೆಗೆ ಎಷ್ಟು ಕಡಿತ ಎಂಬುದನ್ನು ಆಯಾ ಅಂಗಡಿಯವರ ವಿವೇಚನೆಗೆ ಬಿಟ್ಟು, ಆ ಜಾಗಗಳನ್ನು ಖಾಲಿ ಇಟ್ಟರಾಯಿತು. ‘ಸಣ್ಣ ಅಂಗಡಿ, ಕಂಪ್ಯೂಟರ್ ಇಲ್ಲ, ನಕ್ಷೆ ಬಿಡಿಸುವವರು ಯಾರು’ ಎಂಬ ಆಕ್ಷೇಪ ಬಂದೇ ಬರುತ್ತದೆ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಮಕ್ಕಳು ಗಣಿತಕ್ಕೆ ಬಳಸುವ ಚೌಕಳಿ ಪುಸ್ತಕದಲ್ಲಿ ಒಂದು ಚೌಕಕ್ಕೆ ಒಂದು ಟೈಲ್ ಎಂದಿಟ್ಟುಕೊಂಡು ಗೆರೆ ಎಳೆದರೆ ಮೇಲೆ ಹೇಳಿದ ಕೋಣೆಯ ಮೂರು ಜೋಡಣೆಗಳೂ ಒಂದೇ ಪುಟದಲ್ಲಿ ಕಾಣುತ್ತವೆ. ಗ್ರಾಹಕನನ್ನು ಎದುರಿಗೆ ಕೂರಿಸಿಕೊಂಡು ಎಣಿಸಿದರೆ ಹತ್ತು ನಿಮಿಷದ ಕೆಲಸ. ಒಂಬತ್ತು, ಹತ್ತು, ಹನ್ನೊಂದರಲ್ಲಿ ಯಾವುದು ಬೇಕೆಂದು ಅವನೇ ಹೇಳುತ್ತಾನೆ.